ಆಟೋ ಸ್ಕೇಲಿಂಗ್ ಸರಿಯಾಗಿ ಕೂರಿಸುವುದು ಹೇಗೆ: ಯಾವುದು ಮೊದಲು, ಯಾವುದು ಕೊನೆಗೆ

ಆಟೋ ಸ್ಕೇಲಿಂಗ್ ಅಂದರೆ ಲೋಡ್‌ಗೆ ತಕ್ಕಂತೆ ಸರ್ವರ್‌ಗಳ ಎಣಿಕೆಯನ್ನು ತಾನಾಗಿ ಏರಿಸಿ ಇಳಿಸುವ ವ್ಯವಸ್ಥೆ. ಅದರ ಬಗ್ಗೆ ಪದೇ ಪದೇ ಒಂದೇ ಪ್ರಶ್ನೆ ಬರುತ್ತಿದೆ. "ಆಟೋ ಸ್ಕೇಲಿಂಗ್ ಆನ್ ಮಾಡಿದ್ದೇವೆ. ಆದರೂ ಜನ ಒಮ್ಮೆಲೇ ನುಗ್ಗಿದಾಗ ಆ್ಯಪ್ ಬೀಳುತ್ತದೆ. ಹೊಸ ಸರ್ವರ್‌ಗಳು ಬರುವಷ್ಟರಲ್ಲಿ ಜನ ವಾಪಸ್ ಹೋಗಿರುತ್ತಾರೆ. ಏನು ತಪ್ಪಾಗಿದೆ?" ಸೆಟ್ಟಿಂಗ್ ತೆಗೆದು ನೋಡಿದರೆ ಹೆಚ್ಚಿನವರದ್ದು ಒಂದೇ ಥರ ಇರುತ್ತದೆ. ಸಿಪಿಯು ಶೇ. 80 ಆದರೆ ಹೆಚ್ಚಿಸು, ಸರ್ವರ್ ಕನಿಷ್ಠ 2, ಗರಿಷ್ಠ 10. ಈ ಅಂಕಿಗಳು ಎಲ್ಲಿಂದ ಬಂದವು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ.

ಆ ಮೂರು ಅಂಕಿಗಳು ಬರಬೇಕಾದದ್ದು ಕೊನೆಗೆ. ಅದಕ್ಕೂ ಮೊದಲು ಎರಡು ವಿಷಯ ಗೊತ್ತಿರಬೇಕು. ನಿಮ್ಮ ಆ್ಯಪ್‌ನ ಒಂದು ಇನ್‌ಸ್ಟನ್ಸ್ ಎಷ್ಟು ಲೋಡ್ ತಡೆಯುತ್ತದೆ? ಹೊಸ ಇನ್‌ಸ್ಟನ್ಸ್ ಕೆಲಸಕ್ಕೆ ನಿಲ್ಲಲು ಎಷ್ಟು ಹೊತ್ತು ಬೇಕು? ಇವೆರಡು ಕೈಯಲ್ಲಿದ್ದರೆ ಉಳಿದ ಅಂಕಿಗಳೆಲ್ಲ ಲೆಕ್ಕದಿಂದಲೇ ಬರುತ್ತವೆ. ಇಲ್ಲದಿದ್ದರೆ ನೀವು ಮಾಡುವುದೆಲ್ಲ ಊಹೆ.

ಇಲ್ಲಿ ಇನ್‌ಸ್ಟನ್ಸ್ ಅಂದರೆ ನಿಮ್ಮ ಆ್ಯಪ್‌ನ ಒಂದು ಓಡುವ ಪ್ರತಿ. ಅದು ವರ್ಚುವಲ್ ಮಷಿನ್ ಆಗಿರಬಹುದು, ಕುಬರ್ನೆಟೀಸ್ (ಆ್ಯಪ್‌ಗಳನ್ನು ಕಂಟೇನರ್‌ಗಳಲ್ಲಿ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ) ಪಾಡ್ ಆಗಿರಬಹುದು. ಹಂತಗಳು ಎರಡಕ್ಕೂ ಒಂದೇ. ವ್ಯತ್ಯಾಸ ಇರುವ ಕಡೆ ಬೇರೆಯಾಗಿ ಹೇಳಿದ್ದೇನೆ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದದ್ದು

ಲೋಡ್ ಟೆಸ್ಟ್ ಮಾಡುವ ಒಂದು ಟೂಲ್ ಬೇಕು. ಕೆ6, ಜೆಮೀಟರ್, ಲೋಕಸ್ಟ್, ಯಾವುದಾದರೂ ಸರಿ. ಅದನ್ನು ಆ್ಯಪ್ ಇರುವ ಮಷಿನ್‌ನಲ್ಲೇ ಓಡಿಸಬೇಡಿ. ಹಾಗೆ ಮಾಡಿದರೆ ಟೂಲ್ ತಿನ್ನುವ ಸಿಪಿಯು ಕೂಡ ನಿಮ್ಮ ಲೆಕ್ಕದಲ್ಲಿ ಸೇರಿಬಿಡುತ್ತದೆ.

ಗ್ರಾಫ್ ನೋಡಲು ಒಂದು ಜಾಗ ಬೇಕು. ಕ್ಲೌಡ್‌ವಾಚ್ ಆಗಲಿ, ಪ್ರೊಮಿಥಿಯಸ್ ಮತ್ತು ಗ್ರಫಾನಾ ಆಗಲಿ, ರಿಕ್ವೆಸ್ಟ್ ಎಣಿಕೆ, ಉತ್ತರ ಕೊಡುವ ಸಮಯ, ಎರರ್ ಎಣಿಕೆ, ಇನ್‌ಸ್ಟನ್ಸ್ ಎಣಿಕೆ ಈ ನಾಲ್ಕೂ ಒಂದೇ ಪರದೆಯಲ್ಲಿ ಕಾಣಬೇಕು. ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್) ಬಳಸುವವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಅದರ ಇಸಿ2 ವರ್ಚುವಲ್ ಮಷಿನ್‌ಗಳ ಬೇಸಿಕ್ ಮಾನಿಟರಿಂಗ್ 5 ನಿಮಿಷಕ್ಕೊಮ್ಮೆ ಮಾತ್ರ ಅಂಕಿ ಕಳಿಸುತ್ತದೆ. ಡೀಟೇಲ್ಡ್ ಮಾನಿಟರಿಂಗ್ ಆನ್ ಮಾಡಿದರೆ 1 ನಿಮಿಷಕ್ಕೊಮ್ಮೆ ಬರುತ್ತದೆ. ಐದು ನಿಮಿಷ ಹಳೆಯ ಸುದ್ದಿ ಇಟ್ಟುಕೊಂಡು ಸ್ಕೇಲ್ ಮಾಡಲು ಆಗುವುದಿಲ್ಲ. ಇದನ್ನು ಈಗಲೇ ಬದಲಿಸಿ.

ಕುಬರ್ನೆಟೀಸ್ ಆದರೆ ಕ್ಲಸ್ಟರ್‌ನಲ್ಲಿ ಮೆಟ್ರಿಕ್ಸ್ ಸರ್ವರ್ ಓಡುತ್ತಿದೆಯೇ ನೋಡಿ. ಅದಿಲ್ಲದೆ ಎಚ್‌ಪಿಎಗೆ, ಅಂದರೆ ಪಾಡ್ ಎಣಿಕೆ ಏರಿಸಿ ಇಳಿಸುವ ಕುಬರ್ನೆಟೀಸ್ ಭಾಗಕ್ಕೆ, ಸಿಪಿಯು ಅಂಕಿ ಸಿಗುವುದೇ ಇಲ್ಲ.

ಬಿಲ್ ಮೇಲೆ ಒಂದು ಬಜೆಟ್ ಅಲರ್ಟ್ ಕೂಡ ಹಾಕಿಡಿ. ಹತ್ತು ನಿಮಿಷದ ಕೆಲಸ ಅಷ್ಟೇ.

## ಹಂತ 1: ಯಾವ ಇನ್‌ಸ್ಟನ್ಸ್ ಹೋದರೂ ಏನೂ ಕಳೆಯಬಾರದು

ಆಟೋ ಸ್ಕೇಲಿಂಗ್ ಅಂದರೆ ಬರೀ ಹೊಸದನ್ನು ತರುವುದಲ್ಲ, ಇರುವುದನ್ನು ಕೊಲ್ಲುವುದೂ ಹೌದು. ಅದು ಯಾವಾಗ, ಯಾವುದನ್ನು ಕೊಲ್ಲುತ್ತದೆ ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲಿರುವುದಿಲ್ಲ. ಹಾಗಾಗಿ ಇನ್‌ಸ್ಟನ್ಸ್ ಒಳಗೆ ಮಾತ್ರ ಇರುವ ಯಾವುದೇ ವಸ್ತು ಒಂದು ದಿನ ಹೋಗಿಯೇ ಹೋಗುತ್ತದೆ.

ಮೂರು ಕಡೆ ಹುಡುಕಿ. ಮೊದಲನೆಯದು ಲಾಗಿನ್ ಸೆಶನ್. ಅದು ಆ್ಯಪ್‌ನ ಮೆಮೊರಿಯಲ್ಲಿದ್ದರೆ ರೆಡಿಸ್‌ಗೋ ಡೇಟಾಬೇಸ್‌ಗೋ ಹೊರಗೆ ಹಾಕಿ. ಸ್ಟಿಕಿ ಸೆಶನ್ ಹಾಕಿ ಇದನ್ನು ಮುಚ್ಚಿಹಾಕುವವರು ಜಾಸ್ತಿ. ಅದರಿಂದ ಹಳೆಯ ಬಳಕೆದಾರರೆಲ್ಲ ಹಳೆಯ ಇನ್‌ಸ್ಟನ್ಸ್‌ಗೇ ಅಂಟಿಕೊಂಡಿರುತ್ತಾರೆ, ಹೊಸದು ಬಂದರೂ ಖಾಲಿ ಕೂತಿರುತ್ತದೆ. ಎರಡನೆಯದು ಅಪ್‌ಲೋಡ್ ಆದ ಫೈಲ್. ಲೋಕಲ್ ಡಿಸ್ಕ್‌ನಿಂದ ಆಬ್ಜೆಕ್ಟ್ ಸ್ಟೋರೇಜ್‌ಗೆ ಸಾಗಿಸಿ.

ಮೂರನೆಯದು ಕ್ರಾನ್, ಅಂದರೆ ನಿಗದಿತ ಸಮಯಕ್ಕೆ ತಾನಾಗಿ ಓಡುವ ಕೆಲಸ. ಇದನ್ನು ಯಾರೂ ನೆನಪಿಡುವುದಿಲ್ಲ. ನಾನೂ ನೆನಪಿಡಲಿಲ್ಲ. ಒಮ್ಮೆ ರಾತ್ರಿ ಓಡುವ ರಿಮೈಂಡರ್ ಮೇಲ್ ಕೆಲಸ ವೆಬ್ ಸರ್ವರ್‌ನ ಇಮೇಜ್ ಒಳಗೇ ಇತ್ತು. ಒಂದೇ ಸರ್ವರ್ ಇದ್ದಷ್ಟು ದಿನ ಎಲ್ಲ ಸರಿಯಾಗಿತ್ತು. ಆಟೋ ಸ್ಕೇಲಿಂಗ್ ಬಂದ ಮೇಲೆ ನಾಲ್ಕು ಸರ್ವರ್ ಆದವು, ಒಬ್ಬೊಬ್ಬರಿಗೂ ಒಂದೇ ಮೇಲ್ ನಾಲ್ಕು ಸಲ ಹೋಯಿತು. ಬೆಳಗ್ಗೆ ಬಂದ ದೂರುಗಳಿಗೆ ಉತ್ತರ ಬರೆಯುತ್ತಾ ಕೂತಾಗ ಅರ್ಥವಾಯಿತು. ಸಮಯಕ್ಕೆ ಸರಿಯಾಗಿ ಓಡುವ ಕೆಲಸಗಳಿಗೆ ಬೇರೆಯೇ ಜಾಗ ಕೊಡಿ.

ಪರೀಕ್ಷೆ ಸುಲಭ. ಎರಡು ಇನ್‌ಸ್ಟನ್ಸ್ ಓಡಿಸಿ, ಲಾಗಿನ್ ಆಗಿ, ಒಂದು ಫೈಲ್ ಹಾಕಿ. ಆಮೇಲೆ ಒಂದನ್ನು ಕೈಯಾರೆ ಕೊಲ್ಲಿ. ಏನೂ ಆಗದವರಂತೆ ಬಳಸಲು ಆದರೆ ಮುಂದೆ ಹೋಗಿ. ಆಗದಿದ್ದರೆ ಇಲ್ಲೇ ನಿಂತು ಸರಿ ಮಾಡಿ.

## ಹಂತ 2: ಒಂದು ಇನ್‌ಸ್ಟನ್ಸ್‌ನ ತಾಕತ್ತು ಅಳೆಯಿರಿ

ಸ್ಕೇಲಿಂಗ್ ಪೂರ್ತಿ ಆಫ್ ಮಾಡಿ. ಒಂದೇ ಇನ್‌ಸ್ಟನ್ಸ್ ಇಟ್ಟುಕೊಳ್ಳಿ. ಸೆಕೆಂಡಿಗೆ 10 ರಿಕ್ವೆಸ್ಟ್‌ನಿಂದ ಶುರು ಮಾಡಿ, 5 ನಿಮಿಷ ಹಾಗೇ ಬಿಡಿ. ಆಮೇಲೆ 20, ಆಮೇಲೆ 30. ಪ್ರತಿ ಮೆಟ್ಟಿಲಲ್ಲೂ ಉತ್ತರದ ಸಮಯ ಬರೆದಿಟ್ಟುಕೊಳ್ಳಿ. ಸರಾಸರಿ ಬೇಡ, ಪಿ95 ನೋಡಿ. ಅಂದರೆ ನೂರರಲ್ಲಿ 95 ರಿಕ್ವೆಸ್ಟ್‌ಗಳು ಎಷ್ಟು ಸಮಯದೊಳಗೆ ಮುಗಿಯುತ್ತವೆ ಅನ್ನುವ ಅಂಕಿ.

ಸ್ವಲ್ಪ ಹೊತ್ತು ಪಿ95 ಹೆಚ್ಚುಕಡಿಮೆ ಸಮನಾಗಿ ಹೋಗುತ್ತದೆ. ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಮೇಲಕ್ಕೆ ಎದ್ದುಬಿಡುತ್ತದೆ. ಆ ತಿರುವಿಗೆ ಸ್ವಲ್ಪ ಮೊದಲಿನ ಅಂಕಿಯೇ ನಿಮ್ಮ ಇನ್‌ಸ್ಟನ್ಸ್‌ನ ತಾಕತ್ತು. ಮುಂದಿನ ಲೆಕ್ಕಕ್ಕೆ ಅದು ಸೆಕೆಂಡಿಗೆ 80 ರಿಕ್ವೆಸ್ಟ್ ಅಂತ ಇಟ್ಟುಕೊಳ್ಳೋಣ.

ತಿರುವು ಬಂದಾಗ ಮುಖ್ಯವಾದ ಇನ್ನೊಂದು ವಿಷಯ ನೋಡಿ. ಆಗ ಸಿಪಿಯು ಎಷ್ಟಿತ್ತು? ಶೇ. 90 ದಾಟಿದ್ದರೆ ನಿಮ್ಮ ಆ್ಯಪ್‌ಗೆ ಸಿಪಿಯು ಮೇಲೆ ಸ್ಕೇಲ್ ಮಾಡಬಹುದು. ಬರೀ ಶೇ. 35 ಇದ್ದು ಆ್ಯಪ್ ಕುಂಟುತ್ತಿದ್ದರೆ, ಅದು ಡೇಟಾಬೇಸ್‌ಗೋ ಇನ್ನೊಂದು ಸರ್ವಿಸ್‌ಗೋ ಕಾಯುತ್ತಿದೆ ಅಂತ ಅರ್ಥ. ಅಂಥ ಆ್ಯಪ್‌ಗೆ ಸಿಪಿಯು ಶೇ. 80 ಅಂತ ನಿಯಮ ಬರೆದರೆ ಅದು ಯಾವತ್ತೂ ಕೆಲಸಕ್ಕೆ ಬರುವುದಿಲ್ಲ. ಜನ ಬಂದು ಆ್ಯಪ್ ಬಿದ್ದರೂ ಸಿಪಿಯು ಶೇ. 35ರಲ್ಲೇ ಇರುತ್ತದೆ. ನನಗೆ ಬರುವ ಪ್ರಶ್ನೆಗಳಲ್ಲಿ ಬಹಳಷ್ಟರ ಮೂಲ ಇಲ್ಲೇ ಇದೆ.

ಅಳತೆ ಸುಳ್ಳು ಹೇಳುವ ಎರಡು ಸಂದರ್ಭ ಇವೆ. ಒಂದೇ ಪುಟವನ್ನು ಸಾವಿರ ಸಲ ಕೇಳಿದರೆ ಎಲ್ಲ ಕ್ಯಾಶ್‌ನಿಂದ ಬಂದು ಅಂಕಿ ಉಬ್ಬುತ್ತದೆ. ಬೇರೆ ಬೇರೆ ಬಳಕೆದಾರರು, ಬೇರೆ ಬೇರೆ ಐಡಿಗಳನ್ನು ಬಳಸಿ. ಇನ್ನೊಂದು, ಎಡಬ್ಲ್ಯೂಎಸ್‌ನ ಟಿ ಸರಣಿಯಂಥ ಬರ್ಸ್ಟ್ ಆಗುವ ಮಷಿನ್‌ಗಳು. ಅವು ಕೂಡಿಟ್ಟ ಸಿಪಿಯು ಕ್ರೆಡಿಟ್ ಇರುವವರೆಗೆ ಜೋರಾಗಿ ಓಡುತ್ತವೆ. ಅನ್‌ಲಿಮಿಟೆಡ್ ಮೋಡ್‌ನಲ್ಲಿ ಇಲ್ಲದಿದ್ದರೆ ಕ್ರೆಡಿಟ್ ಮುಗಿದ ಮೇಲೆ ನಿಧಾನ ಆಗುತ್ತವೆ. ಮೊದಲ ಅರ್ಧ ಗಂಟೆಯ ಅಂಕಿಯನ್ನು ನಂಬಬೇಡಿ.

## ಹಂತ 3: ಎದ್ದು ನಿಲ್ಲಲು ಎಷ್ಟು ಹೊತ್ತು?

ಇನ್‌ಸ್ಟನ್ಸ್ ಬೇಕು ಅಂತ ನೀವೇ ಕೈಯಾರೆ ಎಣಿಕೆ ಒಂದು ಏರಿಸಿ. ಆ ಕ್ಷಣದಿಂದ ಅದು ನಿಜವಾದ ರಿಕ್ವೆಸ್ಟ್‌ಗೆ ಸರಿಯಾದ ವೇಗದಲ್ಲಿ ಉತ್ತರ ಕೊಡುವವರೆಗೆ ಗಡಿಯಾರ ನೋಡಿ. ಮೂರು ಸಲ ಮಾಡಿ, ಅತಿ ನಿಧಾನವಾದದ್ದನ್ನು ಬರೆದಿಟ್ಟುಕೊಳ್ಳಿ.

ಸಮಯ ಎಲ್ಲಿ ಹೋಗುತ್ತಿದೆ ಅಂತ ಬಿಡಿಸಿ ನೋಡಿ. ಮಷಿನ್ ಬೂಟ್ ಆಗಲು, ಪ್ಯಾಕೇಜ್ ಇನ್‌ಸ್ಟಾಲ್ ಆಗಲು, ಕಂಟೇನರ್ ಇಮೇಜ್ ಇಳಿಯಲು, ಆ್ಯಪ್ ಶುರುವಾಗಲು, ಕ್ಯಾಶ್ ತುಂಬಲು. ಸಾಮಾನ್ಯವಾಗಿ ದೊಡ್ಡ ಪಾಲು ಸ್ಟಾರ್ಟಪ್ ಸ್ಕ್ರಿಪ್ಟ್‌ನದ್ದು. ಬೂಟ್ ಆದಮೇಲೆ ಪ್ಯಾಕೇಜ್‌ಗಳನ್ನು ಇಂಟರ್ನೆಟ್‌ನಿಂದ ಇಳಿಸುವ ಸ್ಕ್ರಿಪ್ಟ್ ಇದ್ದರೆ ಅದನ್ನು ತೆಗೆದುಹಾಕಿ, ಎಲ್ಲವನ್ನೂ ಮೊದಲೇ ಸೇರಿಸಿದ ಇಮೇಜ್ ಮಾಡಿಡಿ. ವೇಗಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಆ ಪ್ಯಾಕೇಜ್ ಸರ್ವರ್ ಕೆಟ್ಟ ದಿನ ನಿಮ್ಮ ಒಂದೂ ಹೊಸ ಇನ್‌ಸ್ಟನ್ಸ್ ಏಳುವುದಿಲ್ಲ.

ಕುಬರ್ನೆಟೀಸ್‌ನಲ್ಲಿ ಎರಡು ಅಂತಸ್ತು ಇವೆ ಅನ್ನುವುದನ್ನು ಮರೆಯಬೇಡಿ. ಎಚ್‌ಪಿಎ ಹೆಚ್ಚಿಸುವುದು ಪಾಡ್‌ಗಳನ್ನು. ಅವು ಕೂರಲು ನೋಡ್‌ನಲ್ಲಿ (ಪಾಡ್‌ಗಳು ಓಡುವ ಮಷಿನ್) ಜಾಗ ಇಲ್ಲದಿದ್ದರೆ 'ಪೆಂಡಿಂಗ್' ಅಂತ ನಿಲ್ಲುತ್ತವೆ. ಆಗ ಕ್ಲಸ್ಟರ್ ಆಟೋಸ್ಕೇಲರ್ ಹೊಸ ನೋಡ್ ತರಬೇಕು, ಅದಕ್ಕೆ ನಿಮಿಷಗಳು ಹಿಡಿಯುತ್ತವೆ. ಹಾಗಾಗಿ ನೋಡ್‌ಗಳೆಲ್ಲ ತುಂಬಿರುವಾಗಲೂ ಗಡಿಯಾರ ಹಿಡಿದು ಅಳೆಯಿರಿ. ಆ ಕಾಯುವಿಕೆ ನಿಮಗೆ ಆಗದಿದ್ದರೆ ಕಡಿಮೆ ಪ್ರಯಾರಿಟಿಯ ಖಾಲಿ ಪಾಡ್‌ಗಳನ್ನು ಇಟ್ಟು ಜಾಗ ಹಿಡಿದಿಡಬಹುದು. ನಿಜವಾದ ಪಾಡ್ ಬಂದಾಗ ಅವು ಜಾಗ ಬಿಟ್ಟುಕೊಡುತ್ತವೆ.

## ಹಂತ 4: ಹೆಲ್ತ್ ಚೆಕ್

ಹೆಲ್ತ್ ಚೆಕ್ ಅಂದರೆ ಇನ್‌ಸ್ಟನ್ಸ್ ಸರಿಯಾಗಿದೆಯೇ ಅಂತ ಆಗಾಗ ಕೇಳಿ ನೋಡುವುದು. ಹೊಸ ಇನ್‌ಸ್ಟನ್ಸ್ ಪೂರ್ತಿ ಸಿದ್ಧವಾಗುವ ಮೊದಲೇ ಲೋಡ್ ಬ್ಯಾಲೆನ್ಸರ್ (ರಿಕ್ವೆಸ್ಟ್‌ಗಳನ್ನು ಇನ್‌ಸ್ಟನ್ಸ್‌ಗಳಿಗೆ ಹಂಚುವ ಭಾಗ) ಅದಕ್ಕೆ ಜನರನ್ನು ಕಳಿಸಿದರೆ ಎರರ್ ಬರುತ್ತದೆ. ಸಿದ್ಧವಾಗಲು ಸಮಯ ಕೊಡದೆ 'ಸತ್ತಿದೆ' ಅಂತ ತೀರ್ಮಾನಿಸಿದರೆ ಆಟೋ ಸ್ಕೇಲಿಂಗ್ ಅದನ್ನು ಕೊಂದು ಇನ್ನೊಂದನ್ನು ತರುತ್ತದೆ, ಅದನ್ನೂ ಕೊಲ್ಲುತ್ತದೆ. ಲೋಡ್ ಏರುತ್ತಲೇ ಇರುತ್ತದೆ, ಇನ್‌ಸ್ಟನ್ಸ್ ಎಣಿಕೆ ಏರುವುದೇ ಇಲ್ಲ.

ಎಡಬ್ಲ್ಯೂಎಸ್‌ನ ಆಟೋ ಸ್ಕೇಲಿಂಗ್ ಗ್ರೂಪ್‌ನಲ್ಲಿ ಹೆಲ್ತ್ ಚೆಕ್ ಗ್ರೇಸ್ ಪೀರಿಯಡ್ ಅನ್ನುವ ಸೆಟ್ಟಿಂಗ್ ಇದೆ. ಅದನ್ನು ಹಂತ 3ರಲ್ಲಿ ಅಳೆದ ಸಮಯಕ್ಕಿಂತ ಸ್ವಲ್ಪ ಜಾಸ್ತಿ ಇಡಿ. ಗ್ರೂಪ್ ಮೊದಲಿಗೆ ನೋಡುವುದು ಮಷಿನ್ ಬದುಕಿದೆಯೇ ಅನ್ನುವುದನ್ನು ಮಾತ್ರ. ಒಳಗಿನ ಆ್ಯಪ್ ಸತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಲೋಡ್ ಬ್ಯಾಲೆನ್ಸರ್‌ನ ಹೆಲ್ತ್ ಚೆಕ್ ಅನ್ನು ನೀವೇ ಆನ್ ಮಾಡಬೇಕು.

ಕುಬರ್ನೆಟೀಸ್‌ನಲ್ಲಿ ರೆಡಿನೆಸ್ ಮತ್ತು ಲೈವ್‌ನೆಸ್ ಎರಡನ್ನೂ ಒಂದೇ ವಿಳಾಸಕ್ಕೆ ಕಟ್ಟಬೇಡಿ. ರೆಡಿನೆಸ್ ಅಂದರೆ 'ಈಗ ಕೆಲಸ ಕೊಡಬಹುದಾ' ಅನ್ನುವ ಪ್ರಶ್ನೆ. ಲೈವ್‌ನೆಸ್ ಅಂದರೆ 'ರಿಸ್ಟಾರ್ಟ್ ಮಾಡಬೇಕಾ' ಅನ್ನುವ ಪ್ರಶ್ನೆ. ಲೈವ್‌ನೆಸ್ ಒಳಗೆ ಡೇಟಾಬೇಸ್ ಪರೀಕ್ಷೆ ಇಟ್ಟರೆ, ಡೇಟಾಬೇಸ್ ಕೆಲವು ಸೆಕೆಂಡ್ ನಿಧಾನ ಆದಾಗ ಎಲ್ಲ ಪಾಡ್‌ಗಳೂ ಒಟ್ಟಿಗೆ ರಿಸ್ಟಾರ್ಟ್ ಆಗುತ್ತವೆ. ಎದ್ದ ಮೇಲೆ ಎಲ್ಲವೂ ಒಟ್ಟಿಗೆ ಡೇಟಾಬೇಸ್‌ಗೆ ಮುಗಿಬೀಳುತ್ತವೆ. ಚಿಕ್ಕ ತೊಂದರೆ ದೊಡ್ಡದಾಗುವುದು ಹೀಗೆ.

## ಹಂತ 5: ಯಾವ ಅಂಕಿ ನೋಡಿ ಸ್ಕೇಲ್ ಮಾಡಬೇಕು

ಒಳ್ಳೆಯ ಅಂಕಿಗೆ ಎರಡು ಗುಣ ಇರಬೇಕು. ಲೋಡ್ ಏರಿದಾಗ ಅದು ಏರಬೇಕು. ಇನ್‌ಸ್ಟನ್ಸ್ ಹೆಚ್ಚಿಸಿದಾಗ ಅದು ಇಳಿಯಬೇಕು. ಎರಡನೆಯದನ್ನು ಜನ ಪರೀಕ್ಷಿಸುವುದೇ ಇಲ್ಲ.

ಉದಾಹರಣೆಗೆ ಉತ್ತರದ ಸಮಯ. ಅದರ ಮೇಲೆ ಸ್ಕೇಲ್ ಮಾಡುವುದು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಡೇಟಾಬೇಸ್ ನಿಧಾನ ಆಗಿ ಉತ್ತರ ತಡವಾಗುತ್ತಿದ್ದರೆ, ಹೊಸ ಇನ್‌ಸ್ಟನ್ಸ್‌ಗಳು ಬಂದು ಅದೇ ಡೇಟಾಬೇಸ್ ಮೇಲೆ ಇನ್ನಷ್ಟು ಭಾರ ಹಾಕುತ್ತವೆ. ಸಮಯ ಇನ್ನೂ ಏರುತ್ತದೆ, ಇನ್ನೂ ಇನ್‌ಸ್ಟನ್ಸ್ ಬರುತ್ತವೆ. ಉತ್ತರದ ಸಮಯವನ್ನು ಅಲಾರಂಗೆ ಇಟ್ಟುಕೊಳ್ಳಿ, ಸ್ಕೇಲಿಂಗ್‌ಗೆ ಬೇಡ.

ಮೆಮೊರಿ ಕೂಡ ಸಾಮಾನ್ಯವಾಗಿ ಕೆಟ್ಟ ಆಯ್ಕೆ. ಜಾವಾದಂಥ ರನ್‌ಟೈಮ್‌ಗಳು ಒಮ್ಮೆ ತೆಗೆದುಕೊಂಡ ಮೆಮೊರಿಯನ್ನು ಬೇಗ ವಾಪಸ್ ಕೊಡುವುದಿಲ್ಲ. ಇನ್‌ಸ್ಟನ್ಸ್‌ಗಳು ಏರುತ್ತವೆ, ಇಳಿಯುವುದೇ ಇಲ್ಲ.

ಹಂತ 2ರಲ್ಲಿ ಸಿಪಿಯು ತುಂಬಿ ತಿರುವು ಬಂದಿದ್ದರೆ ಸಿಪಿಯು ಆರಿಸಿಕೊಳ್ಳಿ. ಕಾಯುವ ಕೆಲಸವೇ ಜಾಸ್ತಿ ಇರುವ ಆ್ಯಪ್ ಆದರೆ ಒಂದು ಇನ್‌ಸ್ಟನ್ಸ್‌ಗೆ ಎಷ್ಟು ರಿಕ್ವೆಸ್ಟ್ ಅನ್ನುವುದನ್ನು ಆರಿಸಿಕೊಳ್ಳಿ. ಲೋಡ್ ಬ್ಯಾಲೆನ್ಸರ್ ಈ ಅಂಕಿಯನ್ನು ಸುಲಭವಾಗಿ ಕೊಡುತ್ತದೆ. ಆದರೆ ಕಾಯುತ್ತಿರುವುದು ಈಗಾಗಲೇ ಮಿತಿ ಮುಟ್ಟಿರುವ ಡೇಟಾಬೇಸ್‌ಗಾದರೆ, ಮೊದಲು ಅದನ್ನು ಸರಿ ಮಾಡಿ. ಆ ತೊಂದರೆಗೆ ಇನ್‌ಸ್ಟನ್ಸ್ ಹೆಚ್ಚಿಸುವುದು ಮದ್ದಲ್ಲ.

ಕ್ಯೂನಿಂದ ಕೆಲಸ ಎತ್ತಿ ಮಾಡುವ ವರ್ಕರ್‌ಗಳಿಗೆ ಲೆಕ್ಕ ಬೇರೆ. ಕ್ಯೂನಲ್ಲಿ ಒಟ್ಟು ಎಷ್ಟಿದೆ ಅನ್ನುವುದಕ್ಕಿಂತ ಒಬ್ಬ ವರ್ಕರ್‌ಗೆ ಎಷ್ಟು ಬಾಕಿ ಅನ್ನುವುದನ್ನು ನೋಡಿ. ಒಂದು ಕೆಲಸಕ್ಕೆ 2 ಸೆಕೆಂಡ್ ಬೇಕು, 60 ಸೆಕೆಂಡ್ ತಡವಾದರೆ ಪರವಾಗಿಲ್ಲ ಅಂದರೆ ಒಬ್ಬ ವರ್ಕರ್‌ಗೆ 30 ಬಾಕಿ ಇರಬಹುದು. ಕ್ಯೂನಲ್ಲಿ 600 ಇದ್ದರೆ 20 ವರ್ಕರ್ ಬೇಕು. ಕುಬರ್ನೆಟೀಸ್‌ನಲ್ಲಿ ಇದಕ್ಕೆ ಕೇಡಾ ಒಳ್ಳೆಯ ಟೂಲ್. ಕೆಲಸ ಇಲ್ಲದಾಗ ಸೊನ್ನೆಗೂ ಇಳಿಸುತ್ತದೆ.

## ಹಂತ 6: ಟಾರ್ಗೆಟ್ ಅಂಕಿಯ ಲೆಕ್ಕ

ಈ ಹಂತವನ್ನು ನಿಧಾನವಾಗಿ ಓದಿ. ಉಳಿದದ್ದೆಲ್ಲ ಸರಿಯಿದ್ದು ಇಲ್ಲಿ ತಪ್ಪಿದರೂ ಆ್ಯಪ್ ಬೀಳುತ್ತದೆ.

ಟಾರ್ಗೆಟ್ ಅಂದರೆ ಹಂತ 5ರಲ್ಲಿ ಆರಿಸಿದ ಅಂಕಿಯನ್ನು ಹಿಡಿದಿಡಬೇಕಾದ ಮಟ್ಟ. ಅದು ದಾಟಿದರೆ ಇನ್‌ಸ್ಟನ್ಸ್ ಹೆಚ್ಚುತ್ತವೆ. ಆದರೆ ಲೋಡ್ ಏರಿದ್ದು ಗೊತ್ತಾಗಲು ಸಮಯ ಬೇಕು. ಎಡಬ್ಲ್ಯೂಎಸ್‌ನ ಟಾರ್ಗೆಟ್ ಟ್ರ್ಯಾಕಿಂಗ್ ಸಾಮಾನ್ಯವಾಗಿ 1 ನಿಮಿಷದ ಮೂರು ಅಂಕಿಗಳನ್ನು ನೋಡಿ, ಅಂದರೆ 3 ನಿಮಿಷ ಆದಮೇಲೆ ಹೆಚ್ಚಿಸುತ್ತದೆ. ಹೊಸ ಮಷಿನ್ ಏಳಲು ನಿಮ್ಮಲ್ಲಿ 3 ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಒಟ್ಟು 6 ನಿಮಿಷ. ಆ 6 ನಿಮಿಷ ಈಗಿರುವ ಇನ್‌ಸ್ಟನ್ಸ್‌ಗಳೇ ಏರುವ ಲೋಡ್ ಪೂರ್ತಿ ತಡೆಯಬೇಕು.

ಲೆಕ್ಕ ಹಾಕೋಣ. ನಾಲ್ಕು ಇನ್‌ಸ್ಟನ್ಸ್, ಒಂದೊಂದರ ತಾಕತ್ತು 80. ಒಟ್ಟು 320. ಜನ ಬರುವ ಹೊತ್ತಲ್ಲಿ ಪ್ರತಿ ನಿಮಿಷಕ್ಕೆ ಲೋಡ್ ಸೆಕೆಂಡಿಗೆ 20 ರಿಕ್ವೆಸ್ಟ್‌ನಷ್ಟು ಏರುತ್ತದೆ. ಟಾರ್ಗೆಟ್ ಶೇ. 80 ಇಟ್ಟರೆ ಸ್ಕೇಲಿಂಗ್ ಶುರುವಾಗುವಾಗ ಆಗಲೇ 256 ಹೊತ್ತಿರುತ್ತೀರಿ. ಉಳಿದ ಜಾಗ 64. ಅದು 3 ನಿಮಿಷದಲ್ಲಿ ತುಂಬುತ್ತದೆ. ಸಹಾಯ ಬರುವುದು 6ನೇ ನಿಮಿಷಕ್ಕೆ. ನಡುವಿನ ಮೂರು ನಿಮಿಷ ಆ್ಯಪ್ ಬಿದ್ದಿರುತ್ತದೆ. ಟಾರ್ಗೆಟ್ ಶೇ. 60 ಇಟ್ಟರೆ ಹೊತ್ತಿರುವುದು 192, ಉಳಿದ ಜಾಗ 128. ಅದು ತುಂಬಲು 6 ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಅಂಚಿನಲ್ಲಿ ಪಾರಾಗುತ್ತೀರಿ. ನಾನಾದರೆ ಶೇ. 50 ಇಟ್ಟು ಶುರು ಮಾಡಿ, ಅಂಕಿ ನೋಡಿಕೊಂಡು ಮೇಲೆ ಹೋಗುತ್ತೇನೆ.

ಟಾರ್ಗೆಟ್ ಎತ್ತರವಾಗಿಡುವುದರಿಂದ ಇನ್ನೊಂದು ಕಾಣದ ನಷ್ಟ ಇದೆ. ಕುಬರ್ನೆಟೀಸ್‌ನ ಎಚ್‌ಪಿಎ ಲೆಕ್ಕ ಸರಳ. ಈಗಿರುವ ಪಾಡ್ ಎಣಿಕೆಯನ್ನು ಈಗಿನ ಅಂಕಿಯಿಂದ ಗುಣಿಸಿ, ಟಾರ್ಗೆಟ್‌ನಿಂದ ಭಾಗಿಸಿ, ಮೇಲಿನ ಪೂರ್ಣಾಂಕ ತೆಗೆದುಕೊಳ್ಳುತ್ತದೆ. 4 ಪಾಡ್, ಸಿಪಿಯು 90, ಟಾರ್ಗೆಟ್ 60 ಆದರೆ 6 ಪಾಡ್. ಆದರೆ ಸಿಪಿಯು ಪೂರ್ತಿ ತುಂಬಿದ ಮೇಲೆ 100ಕ್ಕಿಂತ ಮೇಲೆ ತೋರಿಸಲು ಅದಕ್ಕೆ ಆಗುವುದಿಲ್ಲ. ಪಾಡ್‌ನ ಸಿಪಿಯು 'ಲಿಮಿಟ್' (ಗರಿಷ್ಠ ಮಿತಿ) ಮತ್ತು ಸಿಪಿಯು 'ರಿಕ್ವೆಸ್ಟ್' (ಅದಕ್ಕೆ ಮೀಸಲಿಡುವ ಪಾಲು, ಬಳಕೆದಾರರ ರಿಕ್ವೆಸ್ಟ್ ಅಲ್ಲ) ಒಂದೇ ಇದ್ದಾಗ ಹೀಗೇ. ನಿಜವಾಗಿ 15 ಪಾಡ್ ಬೇಕಿದ್ದರೂ ಟಾರ್ಗೆಟ್ 80 ಇದ್ದರೆ 4 ಪಾಡ್ 5 ಆಗುತ್ತದೆ ಅಷ್ಟೇ. ಟಾರ್ಗೆಟ್ 50 ಇದ್ದರೆ ಅದೇ ಹೊತ್ತಿಗೆ 8 ಆಗುತ್ತದೆ. ಟಾರ್ಗೆಟ್ ಕೆಳಗಿದ್ದಷ್ಟೂ ಬೇಗ ಶುರುವಾಗುತ್ತದೆ, ದೊಡ್ಡ ಹೆಜ್ಜೆಯನ್ನೂ ಇಡುತ್ತದೆ.

ಎಚ್‌ಪಿಎ ಶೇಕಡಾವಾರು ಲೆಕ್ಕ ಹಾಕುವುದು ಪಾಡ್‌ನ ಸಿಪಿಯು 'ರಿಕ್ವೆಸ್ಟ್' ಸೆಟ್ಟಿಂಗ್ ಮೇಲೆ, ಲಿಮಿಟ್ ಮೇಲಲ್ಲ. ರಿಕ್ವೆಸ್ಟ್ ಬರೆಯದೇ ಇದ್ದರೆ ಎಚ್‌ಪಿಎ ಪಟ್ಟಿಯಲ್ಲಿ ಟಾರ್ಗೆಟ್ ಜಾಗದಲ್ಲಿ 'ಅನ್‌ನೋನ್' ಅಂತ ಬರುತ್ತದೆ. ಅದನ್ನು ಕಂಡರೆ ಮೊದಲು ಇಲ್ಲೇ ನೋಡಿ. ಪಾಡ್ ಒಳಗಿನ ಎಲ್ಲ ಕಂಟೇನರ್‌ಗಳಿಗೂ ರಿಕ್ವೆಸ್ಟ್ ಬರೆದಿರಬೇಕು, ಸೈಡ್‌ಕಾರ್‌ಗೂ (ಆ್ಯಪ್ ಜೊತೆ ಓಡುವ ಸಹಾಯಕ ಕಂಟೇನರ್) ಸೇರಿ.

ಲೋಡ್ ನಿಮಿಷದೊಳಗೇ ಹತ್ತು ಪಟ್ಟಾಗುವ ಆ್ಯಪ್ ನಿಮ್ಮದಾದರೆ ಯಾವ ಟಾರ್ಗೆಟ್ ಕೂಡ ಕಾಪಾಡುವುದಿಲ್ಲ. ಪರೀಕ್ಷೆ ಫಲಿತಾಂಶ, ಟಿಕೆಟ್ ಬುಕಿಂಗ್ ಶುರುವಾಗುವ ಗಂಟೆ, ಇಂಥವು. ಸಮಯ ಮೊದಲೇ ಗೊತ್ತಿರುವುದರಿಂದ ಶೆಡ್ಯೂಲ್ ಹಾಕಿ, ಅರ್ಧ ಗಂಟೆ ಮೊದಲೇ ಕನಿಷ್ಠ ಎಣಿಕೆಯನ್ನು ಏರಿಸಿಡಿ. ಇದನ್ನು ಮಾಡಲು ಕೆಲವರು ಹಿಂಜರಿಯುತ್ತಾರೆ, ಆಟೋಮ್ಯಾಟಿಕ್ ಅಲ್ಲ ಅಂತ. ಕೆಲಸ ಆಗುವುದು ಮುಖ್ಯ.

## ಹಂತ 7: ಕನಿಷ್ಠ ಮತ್ತು ಗರಿಷ್ಠ

ಕನಿಷ್ಠ ಎಷ್ಟು? ಲೋಡ್ ತೀರಾ ಕಡಿಮೆ ಇರುವಾಗ ಬೇಕಾಗುವಷ್ಟು, ಜೊತೆಗೆ ಒಂದು ಸತ್ತರೂ ನಡೆಯುವಷ್ಟು. ಎರಡು ಸಾಕು ಅನ್ನುವ ಕಡೆ ಮೂರು ಇಟ್ಟು, ಬೇರೆ ಬೇರೆ ಅವೇಲಬಿಲಿಟಿ ಜೋನ್‌ಗಳಲ್ಲಿ (ಕ್ಲೌಡ್‌ನ ಪ್ರತ್ಯೇಕ ಡೇಟಾ ಸೆಂಟರ್‌ಗಳು) ಹಂಚಿ. ಕನಿಷ್ಠ 1 ಇಟ್ಟರೆ ಆ ಒಂದು ಬಿದ್ದಾಗ ಹೊಸದು ಏಳುವವರೆಗೂ ಆ್ಯಪ್ ಇರುವುದಿಲ್ಲ.

ಗರಿಷ್ಠ ಎಷ್ಟು ಅನ್ನುವುದನ್ನು ನಿಮ್ಮ ಡೇಟಾಬೇಸ್ ಹೇಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಕನೆಕ್ಷನ್ ಮಿತಿ ಮೂಲತಃ 100, ಮೈಎಸ್‌ಕ್ಯೂಎಲ್‌ನಲ್ಲಿ 151. ಒಂದೊಂದು ಇನ್‌ಸ್ಟನ್ಸ್ 20 ಕನೆಕ್ಷನ್‌ಗಳ ಪೂಲ್ ತೆರೆದರೆ ಐದನೇ ಇನ್‌ಸ್ಟನ್ಸ್‌ಗೇ ಪೋಸ್ಟ್‌ಗ್ರೆಸ್‌ನ ನೂರು ಮುಗಿಯಿತು. ಅದರಲ್ಲೂ ಕೆಲವು ಕನೆಕ್ಷನ್ ಅಡ್ಮಿನ್‌ಗೆ ಮೀಸಲು. ಆರನೇ ಇನ್‌ಸ್ಟನ್ಸ್ ಬಂದರೆ ಅದು ಸಹಾಯ ಮಾಡುವುದಿರಲಿ, ಮೈಗ್ರೇಷನ್ ಮತ್ತು ಬ್ಯಾಕಪ್‌ಗೂ ಕನೆಕ್ಷನ್ ಸಿಗದಂತೆ ಮಾಡುತ್ತದೆ. ಹೊಸ ವರ್ಷನ್ ಬಿಡುಗಡೆ ಮಾಡುವಾಗ ಹಳೆಯದೂ ಹೊಸದೂ ಸ್ವಲ್ಪ ಹೊತ್ತು ಒಟ್ಟಿಗೆ ಇರುತ್ತವೆ, ಅದನ್ನೂ ಎಣಿಸಿ. ಪೂಲ್ ಚಿಕ್ಕದು ಮಾಡಿ, ಇಲ್ಲವೇ ಪಿಜಿಬೌನ್ಸರ್‌ನಂಥ ಪೂಲರ್ (ಕೆಲವೇ ಕನೆಕ್ಷನ್‌ಗಳನ್ನು ಎಲ್ಲರಿಗೂ ಹಂಚುವ ಟೂಲ್) ನಡುವೆ ಇಡಿ. ಮಿತಿಯನ್ನು ಸುಮ್ನೆ 1000ಕ್ಕೆ ಏರಿಸಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್ ಒಂದೊಂದು ಪ್ರೋಸೆಸ್, ಮೆಮೊರಿ ತಿನ್ನುತ್ತದೆ.

ಕ್ಲೌಡ್ ಖಾತೆಯ ಕೋಟಾ, ಸಬ್‌ನೆಟ್‌ನಲ್ಲಿ ಉಳಿದಿರುವ ಐಪಿ ವಿಳಾಸಗಳು, ನೀವು ಕರೆಯುವ ಹೊರಗಿನ ಎಪಿಐಗಳ ರೇಟ್ ಲಿಮಿಟ್ ಇವನ್ನೂ ನೋಡಿ. ಗರಿಷ್ಠ 40 ಅಂತ ಬರೆದು ಕೋಟಾ 20 ಇದ್ದರೆ ನಿಮಗೆ ಸಿಗುವುದು 20.

## ಹಂತ 8: ನಿಯಮ ಬರೆಯುವುದು

ಇಲ್ಲಿಗೆ ಬಂದ ಮೇಲೆ ಕೆಲಸ ಹತ್ತು ನಿಮಿಷದ್ದು. ಎಡಬ್ಲ್ಯೂಎಸ್‌ನಲ್ಲಿ ಟಾರ್ಗೆಟ್ ಟ್ರ್ಯಾಕಿಂಗ್ ಆರಿಸಿ, ಟಾರ್ಗೆಟ್ ಹಾಕಿ, ಇನ್‌ಸ್ಟನ್ಸ್ ವಾರ್ಮಪ್ ಸಮಯಕ್ಕೆ ಹಂತ 3ರ ಅಂಕಿ ಹಾಕಿ. ಅದು ಮಾಡಿಕೊಳ್ಳುವ ಅಲಾರಂಗಳನ್ನು ಕೈಯಾರೆ ತಿದ್ದಬೇಡಿ. ಕುಬರ್ನೆಟೀಸ್‌ನಲ್ಲಿ ಎಚ್‌ಪಿಎ ಬರೆಯಿರಿ, ಆಟೋಸ್ಕೇಲಿಂಗ್ ವಿ2 ಆವೃತ್ತಿ ಬಳಸಿ. ಅದು ಮೂಲತಃ 15 ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತದೆ. ಟಾರ್ಗೆಟ್‌ಗಿಂತ ಶೇ. 10ರೊಳಗಿನ ವ್ಯತ್ಯಾಸ ಇದ್ದರೆ ಏನೂ ಮಾಡುವುದಿಲ್ಲ. ಟಾರ್ಗೆಟ್ 60 ಇದ್ದು 65 ಆದರೂ ಪಾಡ್ ಏರಲಿಲ್ಲ ಅಂತ ಗಾಬರಿಯಾಗಬೇಡಿ.

ಎಲ್ಲರೂ ಬೀಳುವ ಗುಂಡಿ ಒಂದಿದೆ. ಕುಬರ್ನೆಟೀಸ್‌ನ ಡಿಪ್ಲಾಯ್‌ಮೆಂಟ್ ಫೈಲ್‌ನಲ್ಲಿ 'ರೆಪ್ಲಿಕಾಸ್ 3' (ಪಾಡ್ 3 ಇರಲಿ) ಅಂತ ಉಳಿದಿರುತ್ತದೆ. ಎಚ್‌ಪಿಎ 12ಕ್ಕೆ ಏರಿಸಿರುವಾಗ ಯಾರೋ ಹೊಸ ವರ್ಷನ್ ಅಪ್ಲೈ ಮಾಡಿದರೆ ಎಣಿಕೆ 3ಕ್ಕೆ ಬೀಳುತ್ತದೆ. ಆ ಸಾಲು ತೆಗೆಯಬೇಕು. ಆದರೆ ಸಾಲು ಅಳಿಸಿ ಅಪ್ಲೈ ಮಾಡಿದ ಮೊದಲ ಸಲ ಪಾಡ್ ಎಣಿಕೆ 1ಕ್ಕೆ ಇಳಿಯಬಹುದು. ಹಾಗಾಗಿ ಲೋಡ್ ಕಡಿಮೆ ಇರುವ ಹೊತ್ತು ನೋಡಿ ಮಾಡಿ. ಟೆರಾಫಾರ್ಮ್ (ಕ್ಲೌಡ್ ಸೆಟ್ಟಿಂಗ್‌ಗಳನ್ನು ಫೈಲ್‌ನಲ್ಲಿ ಬರೆದಿಡುವ ಟೂಲ್) ಬಳಸುವವರು ಡಿಸೈರ್ಡ್ ಕೆಪಾಸಿಟಿ (ಬೇಕಾದ ಇನ್‌ಸ್ಟನ್ಸ್ ಎಣಿಕೆ) ಬದಲಾವಣೆಯನ್ನು ಕಡೆಗಣಿಸುವಂತೆ ಬರೆದಿಡಿ. ಕಾರಣ ಇದೇ.

## ಹಂತ 9: ಇಳಿಸುವುದು ನಿಧಾನವಾಗಿ

ಏರುವುದು ಬೇಗ, ಇಳಿಯುವುದು ನಿಧಾನ. ಎಚ್‌ಪಿಎ ಇಳಿಸುವ ಮುನ್ನ ಮೂಲತಃ 300 ಸೆಕೆಂಡ್ ಹಿಂದಿನವರೆಗೆ ನೋಡುತ್ತದೆ. ಆ ಅವಧಿಯಲ್ಲಿ ಬಂದ ಅತಿ ದೊಡ್ಡ ಎಣಿಕೆಗಿಂತ ಕೆಳಗೆ ಹೋಗುವುದಿಲ್ಲ. ನಿಮ್ಮ ಲೋಡ್ ಹತ್ತು ನಿಮಿಷಕ್ಕೊಮ್ಮೆ ಅಲೆಯಂತೆ ಏರಿ ಇಳಿಯುತ್ತಿದ್ದರೆ 300 ಸಾಲದು, 900 ಮಾಡಿ. ಇಳಿಸಿ ಎರಡು ನಿಮಿಷಕ್ಕೆ ಮತ್ತೆ ಏರಿಸುವುದರಿಂದ ಉಳಿಯುವ ಹಣ ಏನೂ ಇಲ್ಲ, ಕಾಡುವ ಎರರ್‌ಗಳು ಮಾತ್ರ ಬಹಳ.

ಸಾಯುವ ಇನ್‌ಸ್ಟನ್ಸ್ ಕೈಯಲ್ಲಿರುವ ಕೆಲಸ ಮುಗಿಸಿ ಸಾಯಬೇಕು. ಕುಬರ್ನೆಟೀಸ್ ಮೊದಲು ಸಿಗ್‌ಟರ್ಮ್ (ನಿಲ್ಲು ಅನ್ನುವ ಸೂಚನೆ) ಕಳಿಸುತ್ತದೆ, ಮೂಲತಃ 30 ಸೆಕೆಂಡ್ ಕಾದು ಬಲವಂತವಾಗಿ ಕೊಲ್ಲುತ್ತದೆ. ನಿಮ್ಮ ಅತಿ ಉದ್ದದ ರಿಕ್ವೆಸ್ಟ್ 90 ಸೆಕೆಂಡ್ ಹಿಡಿಯುವುದಾದರೆ ಆ ಸಮಯ ಹೆಚ್ಚಿಸಿ. ಸಿಗ್‌ಟರ್ಮ್ ಬಂದಾಗ ಹೊಸದನ್ನು ತೆಗೆದುಕೊಳ್ಳದೆ ಇರುವುದನ್ನು ಮುಗಿಸುವಂತೆ ಆ್ಯಪ್‌ನಲ್ಲಿ ಬರೆಯಿರಿ. ಲೋಡ್ ಬ್ಯಾಲೆನ್ಸರ್‌ಗೆ ಸುದ್ದಿ ಮುಟ್ಟಲು ಕೆಲವು ಸೆಕೆಂಡ್ ಬೇಕು. ಪ್ರೀಸ್ಟಾಪ್‌ನಲ್ಲಿ (ಪಾಡ್ ನಿಲ್ಲಿಸುವ ಮುನ್ನ ಓಡುವ ಹಂತ) 5ರಿಂದ 10 ಸೆಕೆಂಡ್ ಸುಮ್ಮನೆ ಕಾಯುವಂತೆ ಮಾಡಿದರೆ ಇಳಿಯುವಾಗ ಬರುವ ಆ ಬಿಡಿ ಬಿಡಿ 502 ಎರರ್‌ಗಳು ಬಹುಪಾಲು ನಿಲ್ಲುತ್ತವೆ. ಆ ಸೆಕೆಂಡುಗಳೂ ಮೇಲಿನ 30ರ ಒಳಗೇ ಎಣಿಕೆಯಾಗುತ್ತವೆ, ನೆನಪಿರಲಿ. ಎಡಬ್ಲ್ಯೂಎಸ್ ಲೋಡ್ ಬ್ಯಾಲೆನ್ಸರ್‌ನಲ್ಲಿ ಇದೇ ಕೆಲಸಕ್ಕೆ ಡಿರಿಜಿಸ್ಟ್ರೇಷನ್ ಡಿಲೇ ಇದೆ, ಮೂಲತಃ 300 ಸೆಕೆಂಡ್.

## ಹಂತ 10: ಜನ ಬರುವ ಮೊದಲು ನೀವೇ ಪರೀಕ್ಷಿಸಿ

ಮೂರು ಪರೀಕ್ಷೆ ಮಾಡಿ. ಲೋಡ್ ಅನ್ನು 20 ನಿಮಿಷದಲ್ಲಿ ನಿಧಾನವಾಗಿ ಗರಿಷ್ಠದವರೆಗೆ ಏರಿಸಿ, ಎರರ್ ಬರಬಾರದು. ಆಮೇಲೆ ಒಮ್ಮೆಲೇ ಮೂರು ಪಟ್ಟು ಮಾಡಿ, ಎಷ್ಟು ನಿಮಿಷ ಕುಂಟಿ ಸರಿಹೋಯಿತು ಅಂತ ಬರೆದಿಡಿ. ಕೊನೆಗೆ ಲೋಡ್ ಅರ್ಧಕ್ಕೆ ಇಳಿಸಿ, ಇನ್‌ಸ್ಟನ್ಸ್‌ಗಳು ಒಂದೊಂದಾಗಿ ಹೋಗುವುದನ್ನು ಪೂರ್ತಿ ಕೂತು ನೋಡಿ. ಈ ಮೂರನೆಯದನ್ನು ಬಿಟ್ಟುಬಿಡುವವರೇ ಹೆಚ್ಚು, ತಪ್ಪುಗಳು ಅಡಗಿರುವುದೂ ಅಲ್ಲೇ.

ಎರಡನೇ ಪರೀಕ್ಷೆಯಲ್ಲಿ ಲೋಡ್ ಗರಿಷ್ಠ ದಾಟಿದಾಗ ಏನಾಗುತ್ತದೆ ಅಂತಲೂ ನೋಡಿ. ಆ್ಯಪ್ ಹೆಚ್ಚುವರಿ ರಿಕ್ವೆಸ್ಟ್‌ಗಳಿಗೆ ಬೇಗ 503 ('ಈಗ ಆಗುವುದಿಲ್ಲ') ಎರರ್ ಕೊಟ್ಟು ಉಳಿದವರಿಗೆ ಸರಿಯಾಗಿ ಕೆಲಸ ಮಾಡಬೇಕು. ಎಲ್ಲರನ್ನೂ ಒಳಗೆ ಬಿಟ್ಟುಕೊಂಡು ಎಲ್ಲರಿಗೂ 60 ಸೆಕೆಂಡ್ ಕಾಯಿಸಬಾರದು.

## ಮೊದಲ ಎರಡು ವಾರ ಕಣ್ಣಿಡಬೇಕಾದ ಸೂಚನೆಗಳು

ಇನ್‌ಸ್ಟನ್ಸ್ ಗ್ರಾಫ್ ಗರಗಸದ ಹಲ್ಲಿನಂತೆ ಏರಿ ಇಳಿಯುತ್ತಿದ್ದರೆ ಇಳಿಸುವ ಸಮಯ ಕಡಿಮೆಯಾಗಿದೆ, ಇಲ್ಲವೇ ಹೊಸ ಇನ್‌ಸ್ಟನ್ಸ್ ಶುರುವಾಗುವಾಗ ತಿನ್ನುವ ಸಿಪಿಯು ಲೆಕ್ಕಕ್ಕೆ ಸೇರುತ್ತಿದೆ. ಜಾವಾ ಆ್ಯಪ್‌ಗಳಲ್ಲಿ ಎರಡನೆಯದು ಸಾಮಾನ್ಯ. ವಾರ್ಮಪ್ ಸಮಯ ಹೆಚ್ಚಿಸಿ.

ಎಣಿಕೆ ಗಂಟೆಗಟ್ಟಲೆ ಗರಿಷ್ಠದಲ್ಲೇ ನಿಂತಿದ್ದರೆ ಅದಕ್ಕೊಂದು ಅಲಾರಂ ಇರಬೇಕು. ಸ್ಕೇಲಿಂಗ್ ಅಲ್ಲಿಗೆ ಮುಗಿದಿದೆ ಅಂತ ಅರ್ಥ, ಮುಂದಿನ ಏರಿಕೆಗೆ ಯಾರೂ ಇಲ್ಲ.

ಇನ್‌ಸ್ಟನ್ಸ್ ಏರಿದರೂ ಉತ್ತರದ ಸಮಯ ಇಳಿಯದಿದ್ದರೆ ತೊಂದರೆ ಆ್ಯಪ್‌ನ ಹಿಂದೆ, ಹೆಚ್ಚಾಗಿ ಡೇಟಾಬೇಸ್‌ನಲ್ಲಿ ಇದೆ. ಗರಿಷ್ಠವನ್ನು ಏರಿಸಲು ಹೋಗಬೇಡಿ, ಡೇಟಾಬೇಸ್‌ನ ನಿಧಾನದ ಕ್ವೆರಿಗಳ ಪಟ್ಟಿ ತೆಗೆಯಿರಿ.

ರಾತ್ರಿ ಲೋಡ್ ಇಲ್ಲದಾಗಲೂ ಎಣಿಕೆ ಕನಿಷ್ಠಕ್ಕೆ ಇಳಿಯದಿದ್ದರೆ ಎರಡು ನಿಯಮಗಳಿವೆಯೇ ನೋಡಿ. ಎಚ್‌ಪಿಎಗೆ ಎರಡು ಅಂಕಿ ಕೊಟ್ಟರೆ ಅದು ದೊಡ್ಡ ಎಣಿಕೆ ಬರುವುದನ್ನೇ ಹಿಡಿಯುತ್ತದೆ. ಎಡಬ್ಲ್ಯೂಎಸ್‌ನಲ್ಲೂ ಟಾರ್ಗೆಟ್ ಟ್ರ್ಯಾಕಿಂಗ್ ನಿಯಮಗಳೆಲ್ಲ ಒಪ್ಪಿದರೆ ಮಾತ್ರ ಇಳಿಸುತ್ತದೆ. ಸಿಪಿಯು ಜೊತೆ ಮೆಮೊರಿಯನ್ನೂ ಸೇರಿಸಿದ್ದರೆ ಇಳಿಯದಂತೆ ಹಿಡಿದಿರುವುದು ಬಹುಶಃ ಅದೇ.

ಹಂತ 2 ಮತ್ತು 3ರ ಅಳತೆಗಳನ್ನು ಪ್ರತಿ ದೊಡ್ಡ ರಿಲೀಸ್ ಆದಮೇಲೆ ಮತ್ತೆ ಮಾಡಿ. ಒಂದು ಹೊಸ ಲೈಬ್ರರಿ ಸೇರಿದ್ದಕ್ಕೆ ಶುರುವಾಗುವ ಸಮಯ 40 ಸೆಕೆಂಡ್‌ನಿಂದ 2 ನಿಮಿಷಕ್ಕೆ ಹೋದರೆ ಯಾವ ಅಲಾರಂ ಕೂಡ ಕೂಗುವುದಿಲ್ಲ, ಆದರೆ ಹಂತ 6ರ ನಿಮ್ಮ ಲೆಕ್ಕ ಆ ದಿನದಿಂದಲೇ ತಪ್ಪಾಗಿರುತ್ತದೆ.